ಇಪ್ಪತ್ತೊಂದು ಸಾವಿರ ಕಿಲೋಮೀಟರ್

"ಇನ್ನೊಂದ್ಸಲ ಓದು" ಎಂದೆ.

"ಹತ್ತು ಸಲ ಓದಿದ್ರೂ ಅದೇ ಸಾರ್. ಎಂಬತ್ನಾಲ್ಕು ಸಾವಿರ."

ವೈರಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದಳು. ಗಾಡಿಗಳ ವೈರಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ ಹೆಂಗಸು. ಅಪ್ಪ ಅಮ್ಮ ಇಟ್ಟ ಹೆಸರನ್ನು ಊರು ಎಂದೋ ಮರೆತುಬಿಟ್ಟಿದೆ. ಅವಳ ಮೇಜಿನ ಮೇಲೆ ಅಂಗೈಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿಯೊಂದು ಮುಚ್ಚಳ ಬಿಚ್ಚಿಸಿಕೊಂಡು ಕೂತಿತ್ತು. ಅದೇ ಇಸಿಯು. ಇಂಜಿನ್ನಿಗೆ ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹೊತ್ತಿಸಬೇಕು ಎಂದು ಅಪ್ಪಣೆ ಕೊಡುವ ಡಬ್ಬಿ. ಅದಿಲ್ಲದಿದ್ದರೆ ಕಾರು ಅಲ್ಲಾಡುವುದಿಲ್ಲ.

ನಿನ್ನೆಯವರೆಗೂ ಅದು ಒಂದು ಟ್ಯಾಕ್ಸಿಯಲ್ಲಿತ್ತು. ಟ್ಯಾಕ್ಸಿಯವನು ಹತ್ತು ದಿನದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಹಾಕಿಸಿಕೊಂಡಿದ್ದ. ನಿನ್ನೆ ಅವನು ಗಾಡಿ ತೋರಿಸಲು ತಂದಾಗ ವೈರಮ್ಮ ಅದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅದು ಎರಡು ವರ್ಷದ ಹಿಂದೆ ಕಲ್ಲುಕ್ವಾರಿಯ ನೀರಿನಲ್ಲಿ ಮುಳುಗಿದ ಒಂದು ಕಾರಿನ ಚಾಸಿ ನಂಬರನ್ನು ತೋರಿಸಿತ್ತು.

ಆ ಕಾರಿನ ಮಾಲೀಕರ ಹೆಂಡತಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಗಣಿತದ ಟೀಚರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬೆರಳಿನ ಸೀಮೆಸುಣ್ಣವನ್ನೂ ತೊಳೆಯದೆ ನೇರ ಇಲ್ಲಿಗೆ ಬಂದಿದ್ದರು.

"ಎಂಬತ್ನಾಲ್ಕು ಸಾವಿರ ಅಂದ್ರೇನು?" ಎಂದು ಕೇಳಿದರು.

"ಇದು ಎಷ್ಟು ಓಡಿದೆ ಅನ್ನೋ ಲೆಕ್ಕ ಟೀಚರ್. ಡ್ಯಾಶ್‌ಬೋರ್ಡಲ್ಲಿ ಕಾಣೋದು ಬೇರೆ. ಇದು ತನ್ನ ಹೊಟ್ಟೆಯೊಳಗೆ ತನ್ನಷ್ಟಕ್ಕೆ ಎಣಿಸ್ಕೊಂಡಿರುತ್ತೆ. ಯಾವ ಗಾಡೀಲಿದ್ರೂ ಎಣಿಸುತ್ತೆ."

ನಾನು ನನ್ನ ಹಳೆಯ ಫೈಲನ್ನು ಬಿಚ್ಚಿದೆ. ಹೌದು, ನನ್ನದೇ ಫೈಲು; ಆ ನಂಬರು ಯಾವ ಕಾರಿನದೆಂದು ಪತ್ತೆ ಮಾಡಿ ವೈರಮ್ಮ ನನ್ನನ್ನು ಕರೆಸಿದ್ದೂ ಅದಕ್ಕೇ. ಆ ಕಾರನ್ನು ಕ್ರೇನಿನಲ್ಲಿ ಎತ್ತಿದಾಗ ವಿಮಾ ಕಂಪನಿಯ ಪರವಾಗಿ ಪರೀಕ್ಷೆ ಮಾಡಿ, "ಚಾಲಕನು ತಾನೇ ಓಡಿಸಿಕೊಂಡು ಹೋಗಿ ನೀರಿಗೆ ಬಿದ್ದಿರುವ ಸಾಧ್ಯತೆ ಹೆಚ್ಚು" ಎಂದು ಬರೆದು ಸಹಿ ಹಾಕಿದ ಸರ್ವೇಯರ್ ಸಾಕ್ಷಾತ್ ನಾನೇ. ಹೆಣ ಸಿಗಲಿಲ್ಲ. ಕ್ವಾರಿ ಆಳವೆಂದರು. ನಾನು ನಿವೃತ್ತನಾಗಿ ಮನೆಗೆ ಹೋದೆ. ಟೀಚರಿಗೆ ಮಾತ್ರ ನನ್ನ ಆ ಒಂದು ವಾಕ್ಯ ಕೊರಳಿಗೆ ಗಂಟುಬಿತ್ತು. ಗಂಡನನ್ನು ಸಾಯುವ ಹಾಗೆ ಮಾಡಿದವಳು ಎಂದು ಬೀದಿಯೇ ತೀರ್ಮಾನಿಸಿತು. ಒಂದೇ ಮನೆಯಲ್ಲಿ ಇರುವ ಅತ್ತೆ ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟಿದ್ದಾರೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಾರಂತೆ.

"ನಿಮ್ಮ ಫೈಲಲ್ಲಿ ಎಷ್ಟಿದೆ?" ಟೀಚರ್ ಕೇಳಿದರು.

"ಅರವತ್ತೆರಡು ಸಾವಿರ. ಆ ವಾರದ ಸರ್ವಿಸ್ ಬಿಲ್ಲಲ್ಲಿದ್ದದ್ದು."

"ಟ್ಯಾಕ್ಸಿ ಹತ್ತು ದಿನಕ್ಕೆ ಎಷ್ಟು ಓಡಿದೆ?"

"ಸಾವಿರ ಅಂತೆ."

ಅವರು ಕಣ್ಣು ಮುಚ್ಚಲೂ ಇಲ್ಲ. "ಇಪ್ಪತ್ತೊಂದು ಸಾವಿರ ಉಳೀತು. ಸುಮಾರು ಏಳ್ನೂರು ದಿನ. ದಿನಕ್ಕೆ ಮೂವತ್ತು. ಹದಿನೈದು ಹೋಗೋಕೆ, ಹದಿನೈದು ಬರೋಕೆ." ನನ್ನ ಕಡೆ ತಿರುಗಿದರು. "ಯಾರೋ ದಿನಾ ಬೆಳಿಗ್ಗೆ ಮನೆಯಿಂದ ಹೊರಟು ಕೆಲಸಕ್ಕೆ ಹೋಗಿ, ಸಂಜೆ ವಾಪಸ್ ಬಂದಿದ್ದಾರೆ. ಎರಡು ವರ್ಷ."

ನನ್ನ ತಲೆ ಗಿರ್ರೆಂದಿತು. ನಾನು ಕಾರ್ಬ್ಯುರೇಟರ್ ಕಾಲದವನು. ತುಕ್ಕು, ಡೆಂಟು, ಮುರಿದ ಆಕ್ಸಲ್ ಎಂದರೆ ಅರ್ಥವಾಗುತ್ತದೆ. ನೀರಿನಲ್ಲಿ ಮುಳುಗಿದ್ದು ನೀರಿನಲ್ಲೇ ಇರಬೇಕು ಎಂಬುದು ನನ್ನ ಬುದ್ಧಿಯ ಮಟ್ಟ. ಅದು ಮೇಲೆದ್ದು ದಿನಕ್ಕೆ ಮೂವತ್ತು ಕಿಲೋಮೀಟರ್ ಸುತ್ತಾಡಿದೆ ಎಂದರೆ ಯಾರ ಮುಖ ನೋಡಲಿ?

"ವೈರಮ್ಮ, ಮುಳುಗಿದ ಮೇಲೆ ಯಾರಾದ್ರೂ ಬಿಚ್ಚಿ ಒಣಗಿಸಿ ಹಾಕ್ಕೊಂಡಿರಬಹುದಲ್ವಾ?"

"ಒಳಗೆ ನೋಡಿ ಸಾರ್. ನೀರಿನ ಕಲೆ ಎಲ್ಲಿದೆ? ಇದು ಬಚ್ಚಲಿನ ಹನಿಯನ್ನೂ ಕಂಡಿಲ್ಲ."

"ಆದ್ರೆ ಕಾರಿನೊಳಗೆ ಇಸಿಯು ಇತ್ತು ಕಣಮ್ಮ. ನಾನೇ ಬಿಚ್ಚಿದೆ. ಫೋಟೋನೂ ಹಿಡಿದಿದ್ದೀನಿ."

ಫೈಲಿನಿಂದ ಫೋಟೋ ತೆಗೆದು ಕೊಟ್ಟೆ. ವೈರಮ್ಮ ಅದನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

"ಕಾರು ನೀರಲ್ಲಿ ಎಷ್ಟು ದಿನ ಇತ್ತು ಸಾರ್?"

"ಎರಡು ದಿನ."

"ಎರಡು ದಿನಕ್ಕೆ ಪಿನ್ನುಗಳಿಗೆ ಇಷ್ಟು ದಪ್ಪ ಹಸಿರು ಕಿಲುಬು ಕಟ್ಟುತ್ತಾ?"

ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದವನು, ಆರು ತಿಂಗಳ ಕಿಲುಬನ್ನು ಎರಡು ದಿನದ್ದೆಂದು ಬರೆದು ಕೈ ತೊಳೆದುಕೊಂಡಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಟೀಚರ್ ನಿಧಾನವಾಗಿ ಕೇಳಿದರು. "ಅಂದ್ರೆ ಚೆನ್ನಾಗಿರೋದನ್ನ ಮೊದಲೇ ತೆಗೆದು, ಸತ್ತಿರೋದನ್ನ ಹಾಕಿ ಆಮೇಲೆ ಮುಳುಗಿಸಿದ್ದಾರೆ. ಸತ್ತ ಇಸಿಯು ಇದ್ರೆ ಗಾಡಿ ಸ್ಟಾರ್ಟ್ ಆಗುತ್ತಾ?"

"ಕೆಮ್ಮೋದೂ ಇಲ್ಲ ಟೀಚರ್" ಎಂದಳು ವೈರಮ್ಮ.

"ಹಾಗಾದ್ರೆ ಅವರು ಓಡಿಸ್ಕೊಂಡು ಹೋಗಿ ಬಿದ್ದಿಲ್ಲ."

ಅವರು ಅಷ್ಟನ್ನೇ ಹೇಳಿದರು. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

* * *

ಟ್ಯಾಕ್ಸಿಯವನಿಗೆ ಇಸಿಯು ಕೊಟ್ಟವನ ಶೆಡ್ಡು ಪೇಟೆಯಾಚೆ, ಮರದ ಮಿಲ್ಲಿನ ಹಿಂದಿತ್ತು. ಅವನನ್ನು ಎಲ್ಲರೂ ಇರ್ಲಿ ಮೇಸ್ತ್ರಿ ಎನ್ನುತ್ತಾರೆ. ಬೋಳು ಟೈರು, ತಿರುಪು ಸವೆದ ನಟ್ಟು, ಒಡೆದ ಹೆಡ್‌ಲೈಟು, ಯಾರು ಏನು ಎಸೆಯಲು ಹೋದರೂ "ಇರ್ಲಿ, ಬೇಕಾಗುತ್ತೆ" ಎಂದು ಕಸಿದುಕೊಳ್ಳುವ ಆಸಾಮಿ. ಶೆಡ್ಡಿನ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಹಲಗೆ ಹೊಡೆದು ಎಲ್ಲವನ್ನೂ ಜೋಡಿಸಿಟ್ಟಿದ್ದ. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು.

ನಾವು ಹೋದಾಗ ಮೂರು ಗಂಟೆ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹಳೆಯ ಸ್ಪಾರ್ಕ್ ಪ್ಲಗ್ಗೊಂದನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ಐವತ್ತೈದರ ಸಣಕಲು ಮನುಷ್ಯ.

ದಾರಿಯುದ್ದಕ್ಕೂ ನಾನು ದೊಡ್ಡ ದೊಡ್ಡ ಪ್ರಶ್ನೆಗಳನ್ನು ತಯಾರು ಮಾಡಿಕೊಂಡಿದ್ದೆ. ಪೊಲೀಸು, ಕೋರ್ಟು, ಜೈಲು ಎಲ್ಲವೂ ಅದರಲ್ಲಿದ್ದವು. ಶೆಡ್ಡಿನ ಗೋಡೆ ನೋಡಿದ ಮೇಲೆ ಮನಸ್ಸು ಬದಲಾಯಿಸಿದೆ. ಕಿಲುಬು ಹಿಡಿದ ಇಸಿಯುವಿನ ಫೋಟೋವನ್ನು ಅವನ ಮುಂದೆ ಹಿಡಿದೆ.

"ಮೇಸ್ತ್ರಿ, ಇಂಥದ್ದು ಒಂದಿದೆ. ಎಸೆಯೋಣ ಅಂತಿದ್ದೀನಿ. ಏನಾದ್ರೂ ಉಪಯೋಗಕ್ಕೆ ಬರುತ್ತಾ?"

ಅವನು ಕೈಯನ್ನು ಬಟ್ಟೆಗೆ ಒರೆಸಿ ಫೋಟೋ ತೆಗೆದುಕೊಂಡ. ಮುಖ ಅರಳಿತು. "ಎಸೀಬೇಡಿ ಸಾರ್, ಇದರ ಮುಚ್ಚಳ ಒಂದೇ ಸಾಕು, ಎಲ್ಲೂ ಸಿಗಲ್ಲ. ಅರೆ, ಇದು ಆ ಬಿಳಿ ವ್ಯಾನಿಂದಲ್ವಾ? ಈ ಮೂಲೆ ನೋಡಿ. ಸ್ಕ್ರೂ ಕಚ್ಕೊಂಡಿತ್ತು ಅಂತ ನಾನೇ ಅರ ಹಾಕಿ ಉಜ್ಜಿದ್ದೆ. ನಿಮಗೆ ಎಲ್ಲಿ…"

ಮಾತು ಅಲ್ಲೇ ನಿಂತಿತು.

"ಕ್ವಾರಿಯಿಂದ ಎತ್ತಿದ ಕಾರಲ್ಲಿ ಸಿಕ್ತು" ಎಂದೆ.

ಮೇಸ್ತ್ರಿ ಫೋಟೋವನ್ನು ನಿಧಾನವಾಗಿ ನನಗೆ ವಾಪಸು ಕೊಟ್ಟ. ಸ್ಪಾರ್ಕ್ ಪ್ಲಗ್ಗನ್ನು ಕೈಗೆತ್ತಿಕೊಂಡ. ಉಜ್ಜಲಿಲ್ಲ.

"ನೀವು ಪೊಲೀಸಾ?"

"ಅಲ್ಲ. ಅಲ್ಲಿಗೆ ಹೋಗೋದು ಕಷ್ಟವೂ ಅಲ್ಲ."

"ನಾನು ಯಾರನ್ನೂ ಕೊಂದಿಲ್ಲ ಸಾರ್."

"ಕೊಂದೆ ಅಂತ ಯಾರಂದ್ರು?"

ನಾನು ಇನ್ನೂ ಜೋರು ಮಾಡುವವನಿದ್ದೆ. ಟೀಚರ್ ನನ್ನ ತೋಳು ಮುಟ್ಟಿ ತಡೆದು ಮುಂದೆ ಬಂದರು. ಇನ್ನೊಂದು ಸ್ಟೂಲು ಎಳೆದುಕೊಂಡು ಅವನೆದುರು ಕುಳಿತರು. ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡ ಹಾಗಿತ್ತು.

"ಮೇಸ್ತ್ರೀ, ಮೊದಲಿಂದ ಹೇಳಿ. ಗಾಡಿ ಯಾರು ತಂದ್ರು?"

ಅವನು ಅವರ ಮುಖವನ್ನೂ ಬೆರಳಿನ ಸೀಮೆಸುಣ್ಣವನ್ನೂ ನೋಡಿದ. ನನಗೆ ಹೇಳದೆ ಅವರಿಗೇ ಹೇಳತೊಡಗಿದ.

"ಗಾಡಿ ಯಜಮಾನ್ರೇ ತಂದ್ರಮ್ಮ. ಮೆಡಿಕಲ್ ಶಾಪ್ ಇಟ್ಟಿದ್ದೀನಿ ಅಂದ್ರು. ಆರ್‌ಸಿ ಕಾರ್ಡೂ ತೋರಿಸಿದ್ರು. ಗಾಡೀನ ಸಂಜೆ ಕ್ವಾರಿ ಮೇಲಿನ ಇಳಿಜಾರಿಗೆ ಟೋ ಮಾಡಿ ಬಿಟ್ಟುಬಿಡು, ಕೀಲಿ ಅದರಲ್ಲೇ ಇರ್ಲಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ್ರು. ಇನ್ಶೂರೆನ್ಸ್ ಆಟ ಅಂತ ಗೊತ್ತಾಯ್ತು. ನನಗೇನು, ಬಿಟ್ಟು ಬಂದೆ."

"ಇಸಿಯು?"

ಮೇಸ್ತ್ರಿ ತಲೆ ತಗ್ಗಿಸಿದ. "ಚೆನ್ನಾಗಿತ್ತಮ್ಮ. ಒಂದು ಫಾಲ್ಟ್ ಇಲ್ಲ. ಅದನ್ನ ನೀರಿಗೆ ಹಾಕೋಕೆ ಕೈ ಬರ್ಲಿಲ್ಲ. ಜಾಗ ಖಾಲಿ ಬಿಟ್ರೆ ಯಾರಿಗಾದ್ರೂ ಅನುಮಾನ ಬರುತ್ತೆ ಅಂತ ಆ ವ್ಯಾನಿಂದು ಇಟ್ಟೆ. ಅವರಿಗೂ ಹೇಳ್ಲಿಲ್ಲ."

ಇದನ್ನು ಕೇಳಿ ನನಗೆ ನಗು ಬಂತು, ಸಿಟ್ಟೂ ಬಂತು. ಅಷ್ಟು ಅಚ್ಚುಕಟ್ಟಾಗಿ ಹೂಡಿದ ಆಟವನ್ನು ಈ ಮನುಷ್ಯನ ಜಿಪುಣತನ ಕೆಡಿಸಿತ್ತು. ಅದನ್ನು ಕಂಡುಹಿಡಿಯಬೇಕಾಗಿದ್ದ ನಾನು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದ್ದೆ.

"ಇಸಿಯು ತನ್ನ ಕೀಲಿ ಬಿಟ್ಟು ಬೇರೆ ಕೀಲಿಗೆ ಸ್ಟಾರ್ಟ್ ಆಗಲ್ಲವಂತಲ್ಲ?" ನಾನು ವೈರಮ್ಮನಿಂದ ಕಲಿತದ್ದನ್ನು ಹೊರಗೆ ಬಿಟ್ಟೆ.

"ಕೀಲಿ ಹಿಡಿಯೊಳಗೆ ಅಕ್ಕಿಕಾಳಿನಷ್ಟು ಚಿಪ್ಪಿರುತ್ತೆ ಸಾರ್. ಅದನ್ನೂ ತೆಗೆದಿಟ್ಕೊಂಡೆ. ಅದಿಲ್ದೆ ಬರೀ ಡಬ್ಬಿ ಇಟ್ಕೊಂಡು ಗೋಡೆಗೆ ನೇತು ಹಾಕ್ಲಾ?"

"ಆಮೇಲೆ ಆ ಮನುಷ್ಯ ಸತ್ತ ಅಂತ ಊರೆಲ್ಲ ಸುದ್ದಿ ಆಯ್ತಲ್ಲಪ್ಪ. ಆಗ ಬಾಯಿ ಬಿಡಬೇಕು ಅನ್ನಿಸ್ಲಿಲ್ವಾ?"

ಮೇಸ್ತ್ರಿ ನನ್ನನ್ನು ವಿಚಿತ್ರವಾಗಿ ನೋಡಿದ. "ಸತ್ತವರು ಬರ್ತಾರಾ ಸಾರ್? ಹದಿನೈದು ದಿನಕ್ಕೆ ಅವರೇ ಇಲ್ಲಿಗೆ ಬಂದ್ರಲ್ಲ."

ಟೀಚರ ಕೈ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

"ಬಂದ್ರು ಅಂದ್ರೆ?" ಎಂದು ಕೇಳಿದರು.

"ಅದೇ ಮಾಡೆಲ್ಲಿನ ಇನ್ನೊಂದು ಹಳೇ ಗಾಡಿ ಕೊಂಡಿದ್ರು. ಅದರ ಇಸಿಯು ಹೋಗಿತ್ತು. ಹಳೇದು ಯಾವುದಾದ್ರೂ ಇದ್ರೆ ಹಾಕ್ಕೊಡು ಅಂದ್ರು. ನನ್ನ ಹತ್ರ ಇದ್ದದ್ದು ಅದೊಂದೇ." ಮೇಸ್ತ್ರಿ ಕತ್ತು ಕೆರೆದುಕೊಂಡ. "ಅವರದ್ದನ್ನೇ ಅವರಿಗೆ ಮಾರಿದೆ ಅಮ್ಮ. ಅವರಿಗೆ ಇವತ್ತಿಗೂ ಗೊತ್ತಿಲ್ಲ."

ಟೀಚರ್ ನಕ್ಕರು. ಅದು ನಗುವೇ ಎಂದು ನನಗೆ ಖಚಿತವಿಲ್ಲ. ಕಣ್ಣು ತುಂಬಿ ಕೆನ್ನೆಗೆ ಇಳಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಗಂಡ ಬದುಕಿದ್ದಾನೆ. ತಾನು ಸಾಯಿಸಲಿಲ್ಲ. ಬಿಟ್ಟುಹೋಗಿದ್ದಾನೆ. ಮೂರೂ ಒಟ್ಟಿಗೆ ಬಂದರೆ ಯಾವುದಕ್ಕೆ ಅಳಬೇಕು, ಯಾವುದಕ್ಕೆ ನಗಬೇಕು?

"ಟ್ಯಾಕ್ಸಿಗೆ ಹೇಗೆ ಹೋಯ್ತು ಅದು?" ನಾನು ಕೇಳಿದೆ.

"ಹೋದ ವಾರದ ಹಿಂದಿನ ವಾರ ಅವರು ಸರ್ವಿಸಿಗೆ ಬಿಟ್ಟಿದ್ರು. ಟ್ಯಾಕ್ಸಿಯವನು ಅಳ್ತಾ ಬಂದ. ಗಾಡಿ ನಿಂತ್ರೆ ಮನೆ ನಡೆಯಲ್ಲ ಅಂದ. ಇದನ್ನ ಬಿಚ್ಚಿ ಅವನಿಗೆ ಹಾಕಿ, ಇವರಿಗೆ ನಿಮ್ಮ ಇಸಿಯು ಸುಟ್ಟೋಗಿದೆ, ಬೇರೆ ತರಿಸ್ತೀನಿ ಅಂದೆ."

"ಗಾಡಿ ಎಲ್ಲಿದೆ?" ಟೀಚರ್ ಎದ್ದು ನಿಂತಿದ್ದರು.

ಮೇಸ್ತ್ರಿ ಬೆರಳು ತೋರಿಸಿದ. ಶೆಡ್ಡಿನ ಹಿಂದಿನ ಮೂಲೆಯಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ಒಂದು ಕಾರು ನಿಂತಿತ್ತು. ಇಷ್ಟು ಹೊತ್ತೂ ನಾನು ಅದಕ್ಕೇ ಒರಗಿಕೊಂಡು ಜೋರು ಮಾಡುತ್ತಿದ್ದೆ.

* * *

ಟಾರ್ಪಾಲು ಎಳೆದೆವು. ಬೂದು ಬಣ್ಣದ, ಚೆನ್ನಾಗಿ ಇಟ್ಟುಕೊಂಡ ಹಳೆಯ ಕಾರು. ಟೀಚರ್ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕುಳಿತರು. ಸ್ಟಿಯರಿಂಗ್ ಮುಟ್ಟಿದರು. ಗಂಡ ಎರಡು ವರ್ಷ ಮುಟ್ಟಿದ್ದನ್ನು ತಾವೂ ಮುಟ್ಟಬೇಕೆಂದಿತ್ತೋ ಏನೋ. ನಾನು ಬೇರೆ ಕಡೆ ನೋಡಿದೆ.

"ಸಾರ್" ಎಂದು ಕರೆದರು. "ಇಲ್ಲಿ ಬನ್ನಿ."

ಹೋದೆ.

"ನನ್ನ ಕಾಲು ನೋಡಿ."

ಅವರ ಕಾಲು ಪೆಡಲುಗಳ ಮೇಲೆ ಸರಿಯಾಗಿ ಕೂತಿತ್ತು. ಅದರಲ್ಲಿ ನೋಡುವಂಥದ್ದು ಏನಿದೆ ಎಂದು ನನಗೆ ತಿಳಿಯಲಿಲ್ಲ.

"ಅವರು ಆರಡಿ ಸಾರ್. ನಮ್ಮ ಕಾರಲ್ಲಿ ಅವರು ಎದ್ದ ಮೇಲೆ ನಾನು ಕೂತ್ರೆ ಕ್ಲಚ್ಚು ಎಟುಕ್ತಾ ಇರ್ಲಿಲ್ಲ. ಸೀಟು ಇಷ್ಟು ಮುಂದೆ ಇಟ್ಕೊಂಡು ಅವರು ಕೂರೋಕೇ ಆಗಲ್ಲ." ಮೇಸ್ತ್ರಿಯ ಕಡೆ ತಿರುಗಿದರು. "ನೀವೇನಾದ್ರೂ ಸೀಟು ಎಳೆದ್ರಾ?"

"ಇಲ್ಲಮ್ಮ. ತಳ್ಕೊಂಡು ಬಂದು ನಿಲ್ಲಿಸಿದ್ದು. ಒಳಗೆ ಕೂತೇ ಇಲ್ಲ."

ಟೀಚರ್ ಕೆಳಗಿಳಿದರು. ಚೀಲದಿಂದ ಫೋನು ತೆಗೆದು, ಒಂದು ಫೋಟೋ ಹುಡುಕಿ ಅವನ ಮುಂದೆ ಹಿಡಿದರು. ಮದುವೆಯಾದ ಹೊಸತರಲ್ಲಿ ತೆಗೆದದ್ದಲ್ಲ, ಕಾರು ಮುಳುಗುವ ಒಂದು ವಾರ ಮೊದಲಿನದು. ಮೆಡಿಕಲ್ ಶಾಪಿನ ಮುಂದೆ ನಿಂತ ಎತ್ತರದ ಮನುಷ್ಯ, ನೀಟಾಗಿ ಬೋಳಿಸಿದ ಗಡ್ಡ, ಎದೆಯ ಜೇಬಿನಲ್ಲಿ ಎರಡು ಪೆನ್ನು.

"ನಿಮ್ಮ ಹತ್ರ ಬರೋರು ಇವರೇ ತಾನೆ?"

ಮೇಸ್ತ್ರಿ ಫೋನನ್ನು ಹತ್ತಿರ ತಂದ, ದೂರ ಹಿಡಿದ, ಬೆಳಕಿಗೆ ತಿರುಗಿಸಿದ.

"ಇವರು ಯಾರಮ್ಮ?"

"ಸರಿಯಾಗಿ ನೋಡಿ."

"ನೋಡ್ದೆ. ಇವರನ್ನ ನಾನು ಕಂಡೇ ಇಲ್ಲ. ಮೆಡಿಕಲ್ ಶಾಪ್‌ನವರು ಕುಳ್ಳಗೆ, ನನ್ನ ಭುಜಕ್ಕೆ ಬರ್ತಾರೆ. ದಪ್ಪ ಮೀಸೆ. ಎರಡು ವರ್ಷದಿಂದ ಅವರೊಬ್ಬರೇ ಬರೋದು."

ನನಗೆ ತಲೆಬುಡ ತಿಳಿಯಲಿಲ್ಲ. ಐದು ನಿಮಿಷದ ಹಿಂದೆ ಬದುಕಿದ್ದವನು ಈಗ ಮತ್ತೆ ಇಲ್ಲವಾಗಿದ್ದ. ಯಾರೋ ಒಬ್ಬ ಕುಳ್ಳ ಅವರ ಆರ್‌ಸಿ, ಅವರ ಕೀಲಿ ಹಿಡಿದುಕೊಂಡು ಅವರ ಕಾರನ್ನು ತಂದಿದ್ದಾನೆ. ಹಾಗಾದರೆ ಆ ಸಂಜೆ ಅವರೆಲ್ಲಿದ್ದರು? ಕ್ವಾರಿ ಆಳವೆಂದು ಎಲ್ಲರೂ ಕೈಬಿಟ್ಟದ್ದು ನೆನಪಾಯಿತು. ಟೀಚರಿಗೂ ಅದೇ ಹೊಳೆದಿತ್ತು. ಮುಖ ಸುಣ್ಣದ ಹಾಗಾಗಿತ್ತು.

"ಅವನ ನಂಬರ್ ಇದೆಯಾ?" ಎಂದೆ.

"ಇದೆ. ನಾನಾಗಿ ಮಾಡಿದ್ದು ಕಮ್ಮಿ."

"ಈಗ ಮಾಡು. ಇಸಿಯು ಬಂತು, ಗಾಡಿ ರೆಡಿ ಅನ್ನು. ಸ್ಪೀಕರ್ ಹಾಕು. ನಾವಿಲ್ಲಿರೋದು ಬಾಯಿ ತಪ್ಪಿಯೂ ಬರಬಾರದು."

ಮೇಸ್ತ್ರಿ ಫೋನನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಒತ್ತಿದ. ನಾಲ್ಕು ಸಲ ರಿಂಗಾಯಿತು.

"ಹೇಳಿ ಮೇಸ್ತ್ರಿ."

ಟೀಚರ್ ಬೆಚ್ಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಸಾರ್, ಇಸಿಯು ಬಂತು. ಗಾಡಿ ರೆಡಿ ಇದೆ."

"ಒಳ್ಳೇದಾಯ್ತು. ನನಗೆ ಬರೋಕಾಗಲ್ಲ. ಯಾರನ್ನಾದ್ರೂ ಕಳಿಸ್ತೀನಿ, ಕೀಲಿ ಕೊಟ್ಬಿಡಿ. ಹಾಂ, ಇಟ್ಟೆ."

ಫೋನು ಕಟ್ಟಾಯಿತು. ಟೀಚರ್ ನನ್ನ ತೋಳನ್ನು ಹಿಡಿದಿದ್ದರು. ಉಗುರು ಅಂಗಿ ದಾಟಿ ಚುಚ್ಚುತ್ತಿತ್ತು.

"ಸಾರ್, ಅವರೇ."

"ನೋಡಿ ಟೀಚರ್, ಸ್ಪೀಕರಲ್ಲಿ ಎಲ್ಲರ ದನಿಯೂ…"

"ಹನ್ನೊಂದು ವರ್ಷ ಕೇಳಿದ ದನಿ ಸಾರ್. ಫೋನ್ ಇಡುವಾಗ 'ಇಟ್ಟೆ' ಅಂತ ಹೇಳಿ ಇಡೋರು ಅವರೊಬ್ಬರೇ. ಅವರೇ."

ನಾನು ಮೇಸ್ತ್ರಿಯ ಕಡೆ ತಿರುಗಿದೆ. "ಇಲ್ಲಿಗೆ ಬರೋ ಕುಳ್ಳನ ದನಿ ಇದೇನಾ?"

ಅವನು ಫೋನನ್ನೇ ದಿಟ್ಟಿಸಿದ. "ಅದೇ ಸಾರ್, ನನಗೂ ಈಗ… ಅವರು ಎದುರಿಗೆ ಇದ್ದಾಗ ಮಾತೇ ಆಡಲ್ಲ. ಬರೆದು ತೋರಿಸ್ತಾರೆ, ನಾನು 'ಅಂದ್ರು' ಅಂದದ್ದೆಲ್ಲ ಹಾಗೆ ಬರೆದದ್ದೇ. ಗಂಟಲು ಆಪರೇಷನ್ ಆಗಿದೆ, ಫೋನಲ್ಲಾದ್ರೆ ಮಷೀನ್ ಇಟ್ಕೊಂಡು ಮಾತಾಡ್ತೀನಿ ಅಂತ ಬರೆದು ತೋರಿಸಿದ್ರು. ನಾನು ನಂಬಿದೆ."

ಮುಖ ಒಬ್ಬನದು, ದನಿ ಇನ್ನೊಬ್ಬನದು. ಇಬ್ಬರೂ ಸೇರಿ ಎರಡು ವರ್ಷದಿಂದ ಒಬ್ಬನೇ ಮನುಷ್ಯ. ಸತ್ತವನು ಮುಖ ತೋರಿಸುವ ಹಾಗಿಲ್ಲವಲ್ಲ.

ಅಷ್ಟರಲ್ಲಿ ಬಾನೆಟ್ಟಿನ ಮೇಲಿನ ಫೋನು ತಾನಾಗಿ ಬಡಿದುಕೊಂಡಿತು. ಅದೇ ನಂಬರು. ಮೇಸ್ತ್ರಿ ನನ್ನ ಮುಖ ನೋಡಿದ. ತಲೆಯಾಡಿಸಿದೆ. ಒತ್ತಿದ.

"ಮೇಸ್ತ್ರಿ, ಹೇಳೋದು ಮರೆತೆ. ನಾನು ಇವತ್ತು ಊರಲ್ಲಿಲ್ಲ. ನನ್ನ ಹೆಂಡತಿ ಬರ್ತಾಳೆ, ಹತ್ತು ನಿಮಿಷದಲ್ಲಿ ಅಲ್ಲಿರ್ತಾಳೆ. ಪಾಪು ಜೊತೇಲಿರುತ್ತೆ, ಜಾಸ್ತಿ ಹೊತ್ತು ನಿಲ್ಲಿಸಬೇಡಿ. ಇಟ್ಟೆ."

ಮೇಸ್ತ್ರಿ ಫೋನನ್ನು ಕೈಗೆತ್ತಿಕೊಳ್ಳಲೂ ಹೆದರಿದ. ನನಗೆ ಟೀಚರ ಕಡೆ ನೋಡುವ ಧೈರ್ಯವಾಗಲಿಲ್ಲ. ಇವರನ್ನು ಇಲ್ಲಿಂದ ಕರೆದುಕೊಂಡು ಹೋಗಬೇಕು, ಮೊದಲು ಪೊಲೀಸರಿಗೆ ಹೇಳಬೇಕು, ಬರುವವಳಿಗೆ ಏನೂ ಗೊತ್ತಿಲ್ಲದೆಯೂ ಇರಬಹುದು. ಎಲ್ಲವೂ ಒಟ್ಟಿಗೆ ತಲೆಗೆ ನುಗ್ಗಿತು.

"ಟೀಚರ್, ನಾವು ಹೊರಗೆ ನಿಂತು ನೋಡೋಣ. ನೀವು ಇಲ್ಲಿರೋದು ಬೇಡ."

ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸ್ಟೂಲನ್ನು ಎಳೆದುಕೊಂಡು ಬಾಗಿಲಿಗೆ ಎದುರಾಗಿ ಹಾಕಿದರು. ಸೆರಗಿನಿಂದ ಮುಖ ಒರೆಸಿಕೊಂಡು ನೇರವಾಗಿ ಕುಳಿತರು.

"ಪಾಪು ಅಂದ್ರಲ್ಲ" ಎಂದರು. "ಎಷ್ಟು ವರ್ಷದ್ದು ಅಂತ ನೋಡ್ಬೇಕು ಸಾರ್. ಇವರು ಹೋಗಿ ಎರಡು ವರ್ಷ, ಅದಕ್ಕಿಂತ ಹೆಚ್ಚಾ, ಕಮ್ಮಿಯಾ."

ಹೊರಗೆ ಮರದ ಮಿಲ್ಲಿನ ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು.